ದಾನಮ್ಮನ ತಾಯಿತ

ಕಾರಣ ಗೊತ್ತಾದರೆ ದುಃಖ ಅರ್ಧ ಇಳಿಯುತ್ತದೆ ಎಂದು ನಂಬಿ ಹದಿನೇಳು ವರ್ಷ ಒಂದೇ ಯಂತ್ರದ ಬೆನ್ನು ಹತ್ತಿದವಳು ನಾನು. ಈಗ ಯಾರಾದರೂ ನನ್ನೆದುರು ಆ ಮಾತು ಆಡಿದರೆ ಮೈ ಉರಿಯುತ್ತದೆ.

ಯಂತ್ರದ ಸರಕಾರಿ ಹೆಸರು ‘ಭ್ರೂಣಸ್ಮೃತಿ ವಾಚಕ’. ಆ ಹೆಸರಿಟ್ಟ ಸಮಿತಿಯಲ್ಲಿ ನಾನೂ ಇದ್ದೆ. ಆದರೆ ಧಾರವಾಡದ ಆಟೋದವರಿಗೆ ಹಾಗೆಂದರೆ ಏನೂ ತಿಳಿಯುವುದಿಲ್ಲ. ‘ಹೊಟ್ಟಿಕನ್ನಡಿ ಆಫೀಸು’ ಎನ್ನಬೇಕು, ಆಗ ನೇರವಾಗಿ ಬಾಗಿಲಿಗೆ ತಂದು ಇಳಿಸುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಾನೂ ಆಟೋ ಹತ್ತಿ ಹಾಗೆಯೇ ಹೇಳತೊಡಗಿದೆ.

ಅದು ಮಾಡುವ ಕೆಲಸ ಇಷ್ಟು. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ರಕ್ತ ಹೊಕ್ಕುಳಬಳ್ಳಿಯ ಮೂಲಕ ಹೋಗಿ ಬರಬೇಕು. ಬೆಳೆಯುತ್ತಿರುವ ಪ್ರತಿ ಅಂಗವೂ ಆ ರಕ್ತದಲ್ಲಿ ತನ್ನದೊಂದು ರಾಸಾಯನಿಕ ಗುರುತು ಬಿಡುತ್ತದೆ. ಆ ಗುರುತುಗಳು ಬಳ್ಳಿಯ ಗೋಡೆಯಲ್ಲಿ ದಿನಕ್ಕೊಂದು ಪದರವಾಗಿ ಕೂಡುತ್ತ ಹೋಗುತ್ತವೆ. ಕಡಲೆಕಾಳಿನಷ್ಟು ಒಣ ತುಂಡು ಸಿಕ್ಕರೂ ಸಾಕು. ವಾಚಕ ಒಂದೊಂದೇ ಪದರ ಓದಿ, ಇಪ್ಪತ್ತನೆಯ ದಿನದಿಂದ ಅರವತ್ತನೆಯ ದಿನದವರೆಗೆ ಆ ಜೀವ ಹೇಗೆ ಕಟ್ಟಿಕೊಂಡಿತು ಎಂಬುದನ್ನು ಪರದೆಯ ಮೇಲೆ ಚಲಿಸುವ ಚಿತ್ರವಾಗಿ ತೋರಿಸುತ್ತದೆ. ಎಲ್ಲಿ ಎಡವಿತು, ಯಾವ ದಿನ, ಆ ದಿನ ತಾಯಿಯ ರಕ್ತದಲ್ಲಿ ಏನಾದರೂ ಇತ್ತೇ ಎಂಬುದನ್ನೂ ಹೇಳುತ್ತದೆ. ಮಗುವಿನ ದೇಹದ ಬೇರೆಲ್ಲಿಯೂ ಈ ದಾಖಲೆ ಉಳಿಯುವುದಿಲ್ಲ. ಬೆಳೆದಂತೆಲ್ಲ ಅಳಿಸಿಹೋಗುತ್ತದೆ.

ತೊಂದರೆ ಎಂದರೆ, ಹೊಕ್ಕುಳಬಳ್ಳಿಯನ್ನು ದೊಡ್ಡ ಆಸ್ಪತ್ರೆಗಳು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳುವವರು ನಮ್ಮ ಕಡೆಯ ಅಜ್ಜಿಯರು. ಕೂಸಿನ ಹೊಕ್ಕುಳಿನಿಂದ ಉದುರಿದ ತುಂಡನ್ನು ಒಣಗಿಸಿ, ಬೆಳ್ಳಿಯ ತಾಯಿತದಲ್ಲಿ ತುಂಬಿ ಉಡಿದಾರಕ್ಕೆ ಕಟ್ಟುತ್ತಾರೆ. ನನ್ನವ್ವ ನನ್ನದನ್ನು ಹಾಗೆ ಜೋಪಾನ ಮಾಡಿದ್ದಳು. ಕಾಲೇಜಿಗೆ ಹೋಗುವ ಸೊಕ್ಕಿನಲ್ಲಿ ನಾನು ಅದನ್ನು ಹೊಲಸು ಎಂದು ಎಸೆದಿದ್ದೆ. ಈಗ ನೋಡಿದರೆ ತಾಯಿತ ತಂದವರನ್ನು ಕುರ್ಚಿ ಕೊಟ್ಟು ಕೂಡಿಸುವ ಕೆಲಸ ನನ್ನದು.

ಇಳಕಲ್ಲಿನ ಆ ಮೂವರು ಬಂದದ್ದು ಫೆಬ್ರವರಿಯ ಒಂದು ಮಂಗಳವಾರ, ಹನ್ನೊಂದು ಗಂಟೆಯ ಹೊತ್ತಿಗೆ. ಸಂಗವ್ವ, ಇಪ್ಪತ್ತೆಂಟರ ಹೆಂಗಸು. ಅವಳ ಗಂಡ ಮಹಾಂತಪ್ಪ, ಸೀರೆ ನೇಯುವವನು. ಮತ್ತು ಅವನ ತಾಯಿ ಬಾಳವ್ವ, ಅರವತ್ತರ ಆಚೀಚೆ. ಸಂಗವ್ವ ಮುಷ್ಟಿ ಬಿಚ್ಚಿ ಮೇಜಿನ ಮೇಲೆ ಬೆಳ್ಳಿಯ ತಾಯಿತವೊಂದನ್ನು ಇಟ್ಟಳು. ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು. ಬಸ್ಸಿನ ಐದು ತಾಸೂ ಹಿಡಿದುಕೊಂಡೇ ಬಂದಿರಬೇಕು.

“ಇದು ನಮ್ಮ ದಾನಮ್ಮಂದು, ಬಾಯಾರ,” ಎಂದಳು. “ಹೋಗಿ ಒಂಬತ್ತ ತಿಂಗಳಾತು. ಮೂರು ವರ್ಷದಾಕಿ ಇದ್ಲು.”

ಫೈಲು ನನ್ನ ಮುಂದಿತ್ತು. ದಾನಮ್ಮ ಹುಟ್ಟಿದಾಗ ಅವಳ ಅನ್ನನಾಳ ಗಂಟಲಿನಿಂದ ಇಳಿದು ಎದೆಯ ನಡುವೆ ಮುಚ್ಚಿದ ಚೀಲವಾಗಿ ನಿಂತುಬಿಟ್ಟಿತ್ತು. ಹೊಟ್ಟೆಯಿಂದ ಮೇಲೆದ್ದ ಇನ್ನೊಂದು ತುಂಡು ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗಿ ಸೇರಿತ್ತು. ಮೂರು ನಾಲ್ಕು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಎಷ್ಟೋ ಮಕ್ಕಳಲ್ಲಿ ಎರಡು ತುದಿಗಳನ್ನೂ ಕೂಡಿಸಿ ಹೊಲಿಯಬಹುದು, ಅವರು ಬೆಳೆದು ದೊಡ್ಡವರಾಗುತ್ತಾರೆ. ದಾನಮ್ಮನ ತುದಿಗಳ ನಡುವೆ ಅಂತರ ಬಹಳ ಇತ್ತು. ವೈದ್ಯರು ಶ್ವಾಸನಾಳದ ತೂತು ಮುಚ್ಚಿ, ಮೇಲಿನ ತುದಿಯನ್ನು ಜೊಲ್ಲು ಹೊರಹೋಗಲೆಂದು ಕುತ್ತಿಗೆಯ ಪಕ್ಕಕ್ಕೆ ತಂದು ತೆರೆದು ಬಿಟ್ಟು, ಹೊಟ್ಟೆಗೆ ನೇರವಾಗಿ ಒಂದು ನಳಿಕೆ ಇಟ್ಟರು. ದೊಡ್ಡವಳಾದ ಮೇಲೆ ಕೂಡಿಸೋಣ ಎಂದರು. ಅದಕ್ಕೆ ಮೊದಲೇ ಕಫ ಕಟ್ಟಿ ಹೋಗಿಬಿಟ್ಟಳು.

“ಅಕಿ ಬಾಯಿಲೆ ಏನೂ ನುಂಗಲಿಲ್ರಿ,” ಎಂದ ಮಹಾಂತಪ್ಪ. “ಗಂಜಿ ನಳಿಗ್ಯಾಗ ಹಾಕ್ತಿದ್ವಿ. ಆದ್ರ ನಾವು ಉಣ್ಣಾಕ ಕುಂತ್ರ ತಾನೂ ಗಂಗಾಳ ತಗೊಂಡು ಬಂದು ಕುಂದರಾಕಿ. ಒಂದು ತುಣಕು ಬೆಲ್ಲ ಬಾಯಾಗ ಇಟ್ಕೊಂಡ್ರ ಅದ ಅಕಿಗೆ ಹಬ್ಬ. ಕುತಗಿ ಪಕ್ಕದಿಂದ ಇಳೀತಿತ್ತು. ಇಳದದ್ದನ್ನ ಅಕಿನ ಒರಸ್ಕೊಳ್ಳಾಕಿ.”

ಬಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಗವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ನಾ ಒಂದ ಮಾತು ಕೇಳಾಕ ಬಂದೀನ್ರಿ. ನನ್ನಿಂದ ಆತೋ, ಇಲ್ಲೋ?”

ಅವಳ ಓಣಿ ಅವಳಿಗೆ ಆಗಲೇ ತೀರ್ಪು ಕೊಟ್ಟಿತ್ತು. ಮಗ್ಗದ ಮುಂದೆ ಕೂತವರು ಎಳೆ ಕಡಿದಾಗ ಕತ್ತರಿ ಹುಡುಕುವುದಿಲ್ಲ, ತುದಿಯನ್ನು ಹಲ್ಲಿನಿಂದ ಕಚ್ಚಿ ತೆಗೆದು ಹೊಸೆದು ಕೂಡಿಸುತ್ತಾರೆ. ದಿನಕ್ಕೆ ನೂರು ಸಲ. ಕಚ್ಚಿದ ತುಂಡು ಒಮ್ಮೊಮ್ಮೆ ಹೊಟ್ಟೆಗೂ ಹೋಗುತ್ತದೆ. ಸಂಗವ್ವ ಬಸುರಿಯಾದಾಗ ಎರಡೂವರೆ ತಿಂಗಳು ಅದು ಅವಳಿಗೇ ಗೊತ್ತಿರಲಿಲ್ಲ, ಎಂದಿನಂತೆ ನೇಯುತ್ತಲೇ ಇದ್ದಳು. ಕೂಸು ಹೀಗೆ ಹುಟ್ಟಿದ ಮೇಲೆ, ನೀ ನುಂಗಿದ ನೂಲೇ ಕೂಸಿನ ಗಂಟಲಿಗೆ ಗಂಟು ಹಾಕಿತು ಎಂದು ಯಾರೋ ಅಂದರು. ಒಬ್ಬರು ಅಂದದ್ದನ್ನು ಹತ್ತು ಮಂದಿ ಅಂದರು. ಅವತ್ತಿನಿಂದ ಅವಳು ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿದಿಲ್ಲ. ಇನ್ನೊಂದು ಮಗು ಬೇಡ ಎಂದು ಗಂಡನನ್ನೂ ದೂರ ಇಟ್ಟಿದ್ದಾಳೆ. ಇದನ್ನೆಲ್ಲ ಹೇಳಿದವಳು ಬಾಳವ್ವ, ಸೊಸೆಯ ಬೆನ್ನ ಮೇಲೆ ಕೈಯಾಡಿಸುತ್ತ.

“ತವರ ಇಲ್ಲದಾಕಿರಿ ನಮ್ಮ ಹುಡಿಗಿ. ಹಡದಾಕಿ ಸಣ್ಣಂದಾಗ ಸತ್ತಾಳು. ನನಗ ‘ಯವ್ವಾ’ ಅಂತಾಳು. ಅಕಿ ಹಿಂಗ ಬತ್ತಿ ಹೋಗೂದು ನನ್ನ ಕಡಿಂದ ನೋಡಾಕ ಆಗಂಗಿಲ್ಲ.”

ನೂಲು ನುಂಗಿದರೆ ಕೂಸಿನ ಗಂಟಲಿಗೆ ಹೋಗುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಆ ಮಾತೇ ನನಗೆ ನಗೆಪಾಟಲು ಅನ್ನಿಸಿತು, ಅದನ್ನೂ ಹೇಳಿದೆ. ಸಂಗವ್ವ ತಲೆಯಾಡಿಸಿದಳು, ನಂಬಲಿಲ್ಲ.

“ಹಂಗಾರ ಬ್ಯಾರೆ ಏನು?”

“ಭಾಳ ಕಾರಣ ಇರ್ತಾವು. ನಾಲ್ಕನೇ ವಾರಕ್ಕ ಉಸರಿಂದು, ಅನ್ನದ್ದು ಎರಡೂ ಸೇರಿ ಒಂದ ನಳಿಗಿ ಇರ್ತೈತಿ. ನಡುವ ಒಂದು ಗ್ವಾಡಿ ಎದ್ದು ಅದು ಎರಡು ಆಗಬೇಕು. ಮೂವತ್ತನಾಕನೇ ದಿನದೊಳಗ ಎಲ್ಲಾ ಮುಗೀತೈತಿ. ಗ್ವಾಡಿ ದಾರಿ ತಪ್ಪಿದ್ರ ಹಿಂಗ ಆಗ್ತೈತಿ. ಕೆಲವರಾಗ ಜೀನಿನ ದೋಷ, ಕೆಲವರಾಗ ತಾಯಿಗೆ ಸಕ್ಕರಿ ಕಾಯಿಲೆ, ಒಮ್ಮೊಮ್ಮೆ ತಾಯಿ ನುಂಗಿದ ಯಾವುದಾರ ಗುಳಿಗಿ. ಭಾಳ ಮಂದ್ಯಾಗ ಏನಂತ ಗೊತ್ತಾಗಿಲ್ಲ. ಅದಕ್ಕ ಈ ಮಶೀನು ಮಾಡೇವಿ.”

“ಅದು ಸುಳ್ಳು ಹೇಳಂಗಿಲ್ಲಲ್ರಿ?”

“ಇಲ್ಲ,” ಎಂದೆ. ಎಷ್ಟು ಹೆಮ್ಮೆಯಿಂದ ಅಂದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಾಯಿತದ ಮುಚ್ಚಳ ಬಿಚ್ಚಿ ಕರ‍್ರಗೆ ಮುರುಟಿದ ತುಂಡಿನಿಂದ ಒಂದು ಚೂರು ಕತ್ತರಿಸಿ ವಾಚಕಕ್ಕೆ ಕೊಟ್ಟೆ. ಇನ್ನೊಂದು ಚೂರು ಗುರುತು ಪರೀಕ್ಷೆಗೆ ಹೋಗಬೇಕು. ಈ ಬಳ್ಳಿ ಇದೇ ಮಗುವಿನದು ಹೌದೋ ಅಲ್ಲವೋ ಎಂದು ನೋಡುವ ಪರೀಕ್ಷೆ ಅದು, ಮೂರು ತಾಸು ಹಿಡಿಯುತ್ತದೆ. ಅದರ ಫಲಿತಾಂಶ ಬರುವವರೆಗೆ ಮನೆಯವರಿಗೆ ಪರದೆ ತೋರಿಸಕೂಡದು ಎಂಬ ನಿಯಮ ಇದೆ. ಆ ನಿಯಮ ಬರೆದವಳು ನಾನೇ. ನೂರಾರು ತಾಯಿತಗಳಲ್ಲಿ ಒಂದೂ ತಪ್ಪಿರಲಿಲ್ಲ. ಸಂಗವ್ವನ ಮುಖ ನೋಡಿದೆ. ಇವಳನ್ನು ಮತ್ತೆ ಮೂರು ತಾಸು ಬೆಂಚಿನ ಮೇಲೆ ಕೂಡಿಸುವುದು ಯಾವ ನ್ಯಾಯ ಅನ್ನಿಸಿತು. “ಬರ‍್ರಿ,” ಎಂದೆ.

ಕತ್ತಲೆ ಕೋಣೆಯಲ್ಲಿ ಮೂವರೂ ಪರದೆಯ ಮುಂದೆ ಕೂತರು. ಇಪ್ಪತ್ತೆರಡನೆಯ ದಿನ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಬಾಗಿದ ಆಕಾರ. ಒಳಗೆ ಹೃದಯ ಮಿಡಿಯಲು ಸುರುವಾಗಿತ್ತು. ಸಂಗವ್ವ ಉಸಿರೆಳೆದುಕೊಂಡಳು. ಇಪ್ಪತ್ತೆಂಟನೆಯ ದಿನ ನಳಿಕೆಯ ಮುಂಭಾಗದಲ್ಲಿ ಒಂದು ಮೊಗ್ಗು ಕಾಣಿಸಿತು, ಅದು ಶ್ವಾಸಕೋಶವಾಗುವುದು. ನಡುವೆ ಗೋಡೆ ಏಳತೊಡಗಿತು. ನಾನು ಬೆರಳಿಟ್ಟು ತೋರಿಸುತ್ತ ಹೋದೆ. ಈಗ ತಪ್ಪುತ್ತದೆ, ಇಲ್ಲಿ ಕಡಿಯುತ್ತದೆ ಎಂದು ನನ್ನ ಬೆರಳು ಮೊದಲೇ ಕಾಯುತ್ತಿತ್ತು. ಮೂವತ್ತನೆಯ ದಿನ. ಮೂವತ್ತೆರಡು. ಗೋಡೆ ಎಲ್ಲಿಯೂ ವಾಲದೆ, ನಿಧಾನವಾಗಿ, ತಲೆಯ ಕಡೆಗೆ ಏರಿತು. ಮೂವತ್ತನಾಲ್ಕನೆಯ ದಿನ ಎರಡು ನಳಿಕೆಗಳು ಅಕ್ಕಪಕ್ಕ ನಿಂತಿದ್ದವು. ಉಸಿರಿನದು ಮುಂದೆ, ಅನ್ನದ್ದು ಹಿಂದೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದೇ ಸಮ.

ನಾನು ಬೆಪ್ಪಾಗಿ ನೋಡಿದೆ.

“ಸರಿ ಐತೇನ್ರಿ?” ಸಂಗವ್ವ ಮುಂದೆ ಬಾಗಿದಳು. “ಬಾಯಾರ, ಅದು ಸರಿ ಐತೇನು?”

“ಸರಿ ಐತಿ,” ಎಂದೆ. ಕಂಡದ್ದನ್ನು ಹೇಳಿಬಿಡುವ ಚಟ. ಒಂದು ಕ್ಷಣ ತಡೆದಿದ್ದರೆ ಆಗುತ್ತಿತ್ತು.

ಸಂಗವ್ವ ಎದ್ದು ಪರದೆಯ ಹತ್ತಿರ ಹೋದಳು. ಮಿಡಿಯುತ್ತಿದ್ದ ಆ ಆಕಾರದ ಮೇಲೆ ಅಂಗೈ ಇಟ್ಟಳು. “ನನ್ನ ಹೊಟ್ಟ್ಯಾಗ ಸರಿ ಇದ್ದಿ ನೀನು,” ಎಂದಳು. “ಸರಿ ಇದ್ದೆಲ್ಲವ್ವ. ನಾ ಏನೂ ಮಾಡಿಲ್ಲ ನಿನಗ.” ಆಮೇಲೆ ಗಂಡನ ಎದೆಗೆ ತಲೆ ಹಾಕಿ ಅಳತೊಡಗಿದಳು. ಮೂರೂ ಮುಕ್ಕಾಲು ವರ್ಷದಿಂದ ಒಳಗೇ ಇದ್ದ ಅಳು ಅದು. ಮಹಾಂತಪ್ಪನೂ ಅತ್ತ.

ಬಾಳವ್ವ ಪರದೆಯನ್ನು ನೋಡುತ್ತಿರಲಿಲ್ಲ. ಅವಳು ಮಗನನ್ನು ನೋಡುತ್ತಿದ್ದಳು. ನೋಡಿ ಮತ್ತೆ ಪರದೆಯ ಕಡೆ ತಿರುಗಿದಳು, ಮತ್ತೆ ಮಗನ ಕಡೆ. ಕಣ್ಣೀರು ಇಳಿಯುತ್ತಿತ್ತು. ಮುದುಕಿಗೆ ಮೊಮ್ಮಗಳ ನೆನಪು ಎಂದುಕೊಂಡೆ.

ಏನಾದರೂ ಉಂಡು ಬನ್ನಿ ಎಂದು ಅವರನ್ನು ಕಳಿಸಿದೆ. ವಾಚಕವನ್ನು ಮತ್ತೆ ಎರಡು ಸಲ ನಡೆಸಿ ನೋಡಿದೆ. ದೋಷ ಇಲ್ಲ. ಮಗುವಿನ ಫೈಲು ತೆಗೆದರೆ ಅದರಲ್ಲಿ ಎಕ್ಸ್‌ರೇ ಇದೆ, ಚೀಲದಂತೆ ಮುಚ್ಚಿದ ಅನ್ನನಾಳ ಕಣ್ಣಿಗೆ ರಾಚುವಂತೆ ಇದೆ. ಎರಡೂ ನಿಜವಾಗಲು ಸಾಧ್ಯವಿಲ್ಲ. ಎರಡು ಗಂಟೆಯ ಸುಮಾರಿಗೆ ಗುರುತು ಪರೀಕ್ಷೆಯ ಫಲಿತಾಂಶ ಬಂತು. ಓದಿದೆ. ಮಾದರಿ ಗಂಡಿನದು. ಒಣಗಿ ಮೂವತ್ತು ವರ್ಷದ ಮೇಲಾಗಿದೆ. ದಾನಮ್ಮನ ರಕ್ತದ ಹಳೆಯ ವರದಿಗೆ ಹೋಲಿಸಿದರೆ, ಅವಳ ತಂದೆಯದು.

ಬಾಗಿಲು ತೆರೆದಾಗ ಬಾಳವ್ವ ಒಬ್ಬಳೇ ಬೆಂಚಿನ ಮೇಲಿದ್ದಳು. ಮಗ ಸೊಸೆ ಉಣ್ಣಲು ಹೋದಾಗ ಅವಳು ಹೋಗಿರಲಿಲ್ಲ. ಒಳಗೆ ಕರೆದು ಕೂಡಿಸಿ ತಾಯಿತವನ್ನು ಅವಳ ಮುಂದಿಟ್ಟೆ. ನಾನು ಕೇಳುವುದಕ್ಕೆ ಮೊದಲೇ ಅವಳು ಹೇಳಿದಳು.

“ಅದು ಮಾಂತ್ಯಾಂದ್ರಿ. ನನ್ನ ಮಗಂದು.”

“ದಾನಮ್ಮಂದು ಎಲ್ಲಿ?”

“ಇಲ್ರಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. “ಹುಟ್ಟಿದ ದಿನಾನ ಕೂಸಿನ್ನ ದೊಡ್ಡ ದವಾಖಾನಿಗೆ ಒಯ್ದೆವು. ಗಾಜಿನ ಪೆಟ್ಟಿಗ್ಯಾಗ ಇಟ್ರು. ಯಾರನ್ನೂ ಒಳಗ ಬಿಡಂಗಿಲ್ಲ. ಎಂಟನೇ ದಿನಕ್ಕ ಹೊಕ್ಕಳಬಳ್ಳಿ ಬಿತ್ತಂತ, ಒರಸಿ ಒಗದುಬಿಟ್ಟಾರು. ನಾ ಕಸದ ಡಬ್ಬಿ ಎಲ್ಲಾ ಹುಡಿಕಿದೆ ಬಾಯಾರ, ಸಿಗಲಿಲ್ಲ. ಸಂಗವ್ವ ಊರಾಗ ಹಸಿ ಬಾಣಂತಿ. ಅಕಿಗೆ ಕೂಸಿನ್ನ ಎತ್ತಿಕೊಳ್ಳಾಕಿಲ್ಲ, ಮಲಿ ಕುಡಸಾಕಿಲ್ಲ. ನಾ ಮನಿಗೆ ಹೋದ ಕೂಡ್ಲೆ ಕೇಳಿದ್ಲು, ಯವ್ವಾ, ಹೊಕ್ಕಳಬಳ್ಳಿ ತಂದೇನು? ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಮನ್ಯಾಗ ನನ್ನ ಹಳೇ ಟ್ರಂಕಿನ್ಯಾಗ ಮಾಂತ್ಯಾಂದು ಇತ್ತು. ತಾಯಿತದಾಗ ಹಾಕಿ ಕೊಟ್ಟೆ. ಅಂವ ಗಟ್ಟಿ ಅದಾನ, ಅವನಂಗ ಕೂಸೂ ಗಟ್ಟಿ ಆಗಲಿ ಅಂತ ಅನ್ಕೊಂಡೆ.”

“ಇವತ್ತರ ಹೇಳಬೇಕಾಗಿತ್ತಲ್ಲ!”

“ಬಸ್ಸಿನ್ಯಾಗ ಹೇಳಬೇಕಂದೆ. ಅಷ್ಟರಾಗ ಧಾರವಾಡ ಬಂತು. ಇಷ್ಟು ಹಳೇದು, ಮಶೀನಿಗೆ ಏನೂ ಕಾಣಸಂಗಿಲ್ಲ, ಆಗಂಗಿಲ್ಲ ಅಂತ ನೀವ ಹೇಳಿ ಕಳಸ್ತೀರಿ ಅಂತ ಮಾಡಿದ್ದೆ.” ತಾಯಿತವನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ, “ನನ್ನ ಹೊಟ್ಟ್ಯಾಗ ಅಂವ ಹಂಗಿದ್ನೇನ್ರಿ? ಅಷ್ಟು ಸಣ್ಣಾಂವ?” ಎಂದು ಕೇಳಿದಳು.

ನನಗೆ ಸಿಟ್ಟು ಬಂದಿತ್ತು. ಅವಳ ಮೇಲೆ ಒಂದು ಪಾಲು, ನನ್ನ ಮೇಲೆ ಎರಡು ಪಾಲು. ಸಂಗವ್ವ ಬಂದ ಕೂಡಲೇ ಎಲ್ಲವನ್ನೂ ಹೇಳುತ್ತೇನೆ, ಸುಳ್ಳು ವರದಿ ನನ್ನ ಕೈಯಿಂದ ಹೋಗುವುದಿಲ್ಲ ಎಂದೆ. ಬಾಳವ್ವ ಬೇಡ ಎನ್ನಲಿಲ್ಲ. “ಹೇಳ್ರಿ,” ಎಂದಳು.

ಅಷ್ಟರಲ್ಲಿ ಅವರು ಬಂದರು. ಸಂಗವ್ವನ ತುಟಿಯ ಮೇಲೆ ಒಗ್ಗರಣೆಯ ಎಣ್ಣೆ ಇನ್ನೂ ಮಿನುಗುತ್ತಿತ್ತು. ಮಹಾಂತಪ್ಪ ನಗುತ್ತಿದ್ದ. “ಬಾಯಾರ, ಎರಡು ಪ್ಲೇಟು ಗಿರಮಿಟ್ಟು ತಿಂದ್ಲು! ಇಷ್ಟು ತಿಂದದ್ದು ನಾ ನೋಡೇ ಇದ್ದಿಲ್ಲ. ನಾಳಿಂದ ಮಗ್ಗಕ್ಕ ಕುಂದರತೀನಿ ಅನ್ನಾಕತ್ಯಾಳ.”

ನಾನು ಬಾಯಿ ತೆರೆದೆ. ಆದರೆ ಸಂಗವ್ವ ನನಗಿಂತ ಮೊದಲೇ ಮಾತು ತೆಗೆದಳು. ಉಣ್ಣುವಾಗ ಅವಳ ತಲೆ ಸುಮ್ಮನೆ ಕೂತಿರಲಿಲ್ಲ.

“ಒಂದು ಕೇಳೂದೈತ್ರಿ. ಹೊಟ್ಟ್ಯಾಗ ಸರಿ ಇತ್ತು. ಅದು ಕಣ್ಣಾರೆ ನೋಡಿದೆ. ಹಂಗಾರ ಮುಚ್ಚಿದ್ದು ಯಾವಾಗ?”

ಮಹಾಂತಪ್ಪ ನನ್ನ ಕಡೆ ತಿರುಗಿದ.

“ಹುಟ್ಟಿದ ಮ್ಯಾಲೆ ಅಂದಂಗಾತು,” ಎಂದಳು ಮೆಲ್ಲಗೆ. ಯಾವುದೋ ಎಳೆಯ ಜಾಡು ಹಿಡಿದು ಹೋಗುತ್ತಿದ್ದಳು, ನಾನು ನೋಡುತ್ತಿದ್ದೆ. “ಹುಟ್ಟಿದ ಕೂಸು ಅತ್ತಿತ್ತು. ಚಂದಂಗ ಅತ್ತಿತ್ತು. ಆಮ್ಯಾಲೆ ಯವ್ವಾ, ನೀ ಜೇನುತುಪ್ಪದಾಗ ಬಜಿ ತೇದು ಅಕಿ ನಾಲಿಗಿಗೆ ಹಚ್ಚಿದಿ. ಹಚ್ಚಿದ ಕೂಡ್ಲೆ ಬಾಯಾಗ ನೊರಿ ಬಂತು. ಮೈಯೆಲ್ಲಾ ನೀಲಿ ಆತು. ಅದಕ್ಕಿಂತ ಮೊದಲ ಏನೂ ಆಗಿದ್ದಿಲ್ಲ.”

ಹುಟ್ಟಿದ ಕೂಸಿಗೆ ಮೊದಲು ಬಜೆ ತೇದು ನೆಕ್ಕಿಸುವುದು ಆ ಮನೆಯಲ್ಲಿ ನಡೆದು ಬಂದ ಪದ್ಧತಿ. ಮುಚ್ಚಿದ ಅನ್ನನಾಳದ ಕೂಸಿಗೆ ಏನು ಕೊಟ್ಟರೂ, ಹಾಲಾಗಲಿ ನೀರಾಗಲಿ, ಹಾಗೆಯೇ ನೊರೆ ಬರುತ್ತದೆ, ಮೈ ನೀಲಿಯಾಗುತ್ತದೆ. ಬಜೆ ರೋಗವನ್ನು ತೋರಿಸಿತ್ತು ಅಷ್ಟೇ.

“ಬಜಿಲಿಂದ ಅನ್ನನಾಳ ಮುಚ್ಚಂಗಿಲ್ಲ ಸಂಗವ್ವ,” ಎಂದೆ. “ಅದು ಎಂದೂ ಆಗೂದಿಲ್ಲ.”

“ಹಂಗಾರ ಎದರಿಂದ ಮುಚ್ಚಿತು ಹೇಳ್ರಿ. ಹೊಟ್ಟ್ಯಾಗ ಸರಿ ಐತಿ ಅಂತ ನೀವ ಅಂದ್ರಿ.”

ಅದಕ್ಕೆ ಒಂದೇ ಉತ್ತರವಿತ್ತು. ನೀನು ನೋಡಿದ್ದು ನಿನ್ನ ಮಗಳನ್ನಲ್ಲ, ನಿನ್ನ ಗಂಡನನ್ನು. ನಿನ್ನ ಮಗಳಿಗೆ ಹೊಟ್ಟೆಯಲ್ಲಿ ಏನಾಯಿತು ಎಂಬುದು ಇನ್ನು ಈ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಹೇಳುವ ಬಳ್ಳಿ ಆಸ್ಪತ್ರೆಯ ಕಸದಲ್ಲಿ ಹೋಯಿತು. ಹೀಗೆ ಹೇಳಬೇಕು. ಹೇಳಿದರೆ ಇವಳು ಮತ್ತೆ ಬೆಳಿಗ್ಗೆ ಬಂದ ಸಂಗವ್ವನೇ ಆಗುತ್ತಾಳೆ, ಅಂಗೈಯಲ್ಲಿ ತಾಯಿತದ ಅಚ್ಚು ಇದ್ದವಳು.

ಮೇಜಿನ ಕೆಳಗೆ ಬಾಳವ್ವನ ಕೈ ನನ್ನ ಮಣಿಕಟ್ಟು ಹಿಡಿಯಿತು. ಎಂಥ ಹಿಡಿತ ಅದು! ನಲವತ್ತೈದು ವರ್ಷ ನೂಲು ಎಳೆದ ಕೈ.

“ಹೌದು ನನ್ನವ್ವ,” ಎಂದಳು ಬಾಳವ್ವ, ಸೊಸೆಯನ್ನೇ ನೋಡುತ್ತ. “ನನ್ನ ಕೈಲಿಂದನ ಆತು. ಬಜಿ ಹೆಚ್ಚಾತು ಅಂತ ಆವತ್ತ ನನಗ ಗೊತ್ತಾಗಿತ್ತು. ಹೇಳಾಕ ಅಂಜಿದೆ. ನಿನ್ನ ತಪ್ಪು ಏನೂ ಇಲ್ಲ.”

ಸಂಗವ್ವ ಅತ್ತೆಯನ್ನು ಬಹಳ ಹೊತ್ತು ನೋಡಿದಳು. ತಾಯಿತವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿನ ಗಂಟಿಗೆ ಹಾಕಿದಳು.

“ಏಳ್ರಿ ಅತ್ತಿ,” ಎಂದಳು. “ಬಸ್ಸಿಗೆ ಹೊತ್ತಾತು.”

ಅವತ್ತಿನವರೆಗೆ ಯವ್ವಾ, ನೀ ಎನ್ನುತ್ತಿದ್ದವಳು. ಆ ಬದಲಾವಣೆ ಬಾಳವ್ವನಿಗೆ ತಾಗಿದ್ದು ನನ್ನ ಮಣಿಕಟ್ಟಿಗೆ ತಿಳಿಯಿತು. ಹಿಡಿತ ಸಡಿಲಿತು. ಅವಳು ಎದ್ದು ಹೋದಳು.

ಸಂಜೆ ಮನೆಗೆ ಬಂದು ಅನ್ನಕ್ಕಿಟ್ಟೆ. ನಾನು ಒಬ್ಬಳೇ ಇರುವವಳು, ಉಣ್ಣು ಎನ್ನುವವರಿಲ್ಲ. ತಾಟಿನ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟೆ, ಅದು ಇಳಿಯಲಿಲ್ಲ. ನುಂಗುವುದು ಎಂದರೆ ಎಷ್ಟು ಸ್ನಾಯುಗಳು ಸರದಿಯಲ್ಲಿ ಬಿಗಿದು ಸಡಿಲಾಗಬೇಕು ಎಂದು ನಾನು ತರಗತಿಗಳಲ್ಲಿ ಹೇಳಿದ್ದೇನೆ, ಚಿತ್ರ ಬಿಡಿಸಿ ತೋರಿಸಿದ್ದೇನೆ. ಬೆಲ್ಲದ ತುಣುಕು ಬಾಯಲ್ಲಿಟ್ಟುಕೊಂಡು ತಾನೇ ಕುತ್ತಿಗೆ ಒರೆಸಿಕೊಳ್ಳುವ ಮೂರು ವರ್ಷದ ಹುಡುಗಿ ಮಾತ್ರ ಅವತ್ತು ಕಣ್ಣೆದುರು ಬಂದಳು. ತಾಟು ಸರಿಸಿ ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ಫೈಲಿನಲ್ಲಿ ಸತ್ಯವನ್ನೇ ಬರೆದೆ: ಮಾದರಿ ಮಗುವಿನದಲ್ಲ, ಕಾರಣ ನಿರ್ಧರಿಸಲಾಗಿಲ್ಲ, ನಿಯಮ ಮೀರಿ ಪರದೆ ತೋರಿಸಿದ್ದು ನನ್ನ ತಪ್ಪು. ಸಹಿ ಹಾಕಿ ಕಪಾಟಿನಲ್ಲಿಟ್ಟೆ. ಮನೆಯವರು ಕೇಳಿದರೆ ವರದಿ ಕೊಡಬೇಕು ಎಂಬ ಕಾನೂನು ಇದೆ. ಅವರು ಕೇಳಲೇ ಇಲ್ಲ. ಕಣ್ಣಾರೆ ನೋಡಿದ್ದನ್ನು ಯಾರು ಕಾಗದದಲ್ಲಿ ಕೇಳುತ್ತಾರೆ?

ಸಂಗವ್ವ ಆಗಾಗ ಫೋನು ಮಾಡುತ್ತಿದ್ದಳು. ಮಗ್ಗಕ್ಕೆ ಕೂತಿದ್ದಾಳೆ. ಮೊದಲ ಸೀರೆ ಇಳಿಯಿತು. ಆರು ತಿಂಗಳ ಮೇಲೆ ಒಂದು ದಿನ ನಾಚಿಕೊಂಡು, “ಎರಡು ತಿಂಗಳಾತ್ರಿ,” ಎಂದಳು. ಸ್ಕ್ಯಾನಿನಲ್ಲಿ ಎಲ್ಲ ಸರಿಯಿದೆ ಎಂದು ತಿಳಿದಾಗ ಮಹಾಂತಪ್ಪನಿಂದಲೂ ಫೋನು ಬಂತು. ಅತ್ತೆ ಹೇಗಿದ್ದಾರೆ ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ. “ಅದಾರ‍್ರಿ,” ಎನ್ನುತ್ತಿದ್ದಳು. ಅಷ್ಟೇ.

ಹೆಣ್ಣು ಹುಟ್ಟಿತು. ಹಾಲು ಕುಡಿಯಿತು. ನೀವು ಬಂದು ಎತ್ತಿಕೊಳ್ಳಲೇಬೇಕು ಎಂದು ಹಟ ಹಿಡಿದದ್ದಕ್ಕೆ, ಕೂಸಿಗೆ ನಲವತ್ತು ದಿನ ತುಂಬಿದ ಮೇಲೆ ಹೋದೆ. ಹೋಗಿ ಎಲ್ಲವನ್ನೂ ಹೇಳಿಬಿಡಬೇಕು ಎಂದೇ ಹೊರಟಿದ್ದೆ. ಈಗ ಕೂಸು ಗಟ್ಟಿಯಾಗಿದೆ, ಸಂಗವ್ವ ಗಟ್ಟಿಯಾಗಿದ್ದಾಳೆ, ತಡೆದುಕೊಳ್ಳುತ್ತಾಳೆ ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ.

ಎರಡು ಖೋಲಿಯ ಮನೆ. ಮುಂದಿನದರಲ್ಲಿ ನೆಲಕ್ಕೆ ತೋಡಿದ ಕುಣಿಮಗ್ಗ, ಹಿಂದಿನದರಲ್ಲಿ ಬಾಣಂತಿ. ಗೋಡೆಯ ಮೇಲೆ ದಾನಮ್ಮನ ಫೋಟೋ. ದೊಡ್ಡ ಕಣ್ಣು, ಕುತ್ತಿಗೆಗೆ ಸುತ್ತಿದ ಬಿಳಿ ಬಟ್ಟೆ. ಫೋಟೋದ ಮೊಳೆಗೆ ಅದೇ ತಾಯಿತ ತೂಗುತ್ತಿತ್ತು, ಮುಂದೆ ಊದುಬತ್ತಿ. ನನಗೆ ಕುರ್ಚಿ ಹಾಕಿ ಬಂದ ಮಹಾಂತಪ್ಪ ಹಾದುಹೋಗುವಾಗ ಅದಕ್ಕೆ ಕೈ ಮುಗಿದ.

ಸಂಗವ್ವ ಮೈ ತುಂಬಿಕೊಂಡಿದ್ದಳು. ಕೂಸನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. ಬೆಚ್ಚಗೆ, ಹಾಲಿನ ವಾಸನೆಯ, ಗುಂಡಗಿನ ಹುಡುಗಿ. ಬಾಯಿ ಆಡಿಸುತ್ತಿತ್ತು.

“ಕೂಸಿಗೆ ನೀರು ಹಾಕೋರು ಯಾರು?” ಎಂದು ಕೇಳಿದೆ.

“ಆಚಿ ಓಣಿಯಿಂದ ಒಬ್ಬ ಮುದಿಕಿ ಬರ್ತಾಳ್ರಿ.” ಮುಂದಿನ ಖೋಲಿಯ ಕಡೆ ನೋಡಿ ದನಿ ತಗ್ಗಿಸಿದಳು. “ಅತ್ತಿ ಕೆಟ್ಟವರಲ್ಲ ಬಾಯಾರ. ನನಗೂ ಗೊತ್ತೈತಿ, ಬೇಕಂತ ಮಾಡಿಲ್ಲ. ಉಣ್ಣಾಕ ಹಾಕತೀನಿ, ಕಾಲು ಒತ್ತತೀನಿ. ಆದ್ರ ಅವರ ಕೈಯಾಗ ಕೂಸು ಕೊಡಾಕ ಆಗವಲ್ದು. ಒಮ್ಮೆ ಕೊಡಾಕ ಹೋದೆ. ನನ್ನ ಕೈ ಕೂಸಿನ್ನ ಬಿಡಲಿಲ್ಲ. ಏನು ಮಾಡ್ಲಿ ಹೇಳ್ರಿ?” ಅವಳ ಕಣ್ಣು ತುಂಬಿದವು. “ಅವರೂ ಕೇಳಂಗಿಲ್ಲ. ಈ ಖೋಲಿಗೇ ಬರಂಗಿಲ್ಲ.”

ಹೇಳಲು ಇದೇ ಹೊತ್ತು ಎನ್ನಿಸಿತು. ಕೂಸನ್ನು ಅವಳ ತೊಡೆಗೆ ದಾಟಿಸಿ, ಅತ್ತೆಯನ್ನು ಮಾತಾಡಿಸಿ ಬರುತ್ತೇನೆ ಎಂದು ಎದ್ದೆ. ಬಾಳವ್ವನಿಗೆ ತಿಳಿಸದೆ ಹೇಳುವುದು ಬೇಡವೆನ್ನಿಸಿತ್ತು.

ಬಾಳವ್ವ ಮಗ್ಗದ ಮಗ್ಗುಲಲ್ಲಿ ನೆಲದ ಮೇಲೆ ಕೂತಿದ್ದಳು. ಇಳಕಲ್ಲಿನ ಸೀರೆಗೆ ಉದ್ದಕ್ಕೆ ಹಾಸುವ ನೂಲು ಒಡಲಿಗೆ ಬೇರೆ, ಸೆರಗಿಗೆ ಬೇರೆ. ಎರಡರ ತುದಿಗಳನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಅವಳು ಆ ಕೆಲಸದಲ್ಲಿದ್ದಳು. ಕಣ್ಣು ಮಂಜಾಗಿದ್ದವು, ಬೆರಳು ತಾವಾಗಿಯೇ ನಡೆಯುತ್ತಿದ್ದವು. ನಾನು ಪಕ್ಕದಲ್ಲಿ ಕೂತೆ.

“ಹೇಳಿಬಿಡ್ತೀನಿ ಬಾಳವ್ವ,” ಎಂದೆ. “ಸಾಕು ಇದು.”

ಅವಳು ಕೈ ನಿಲ್ಲಿಸಲಿಲ್ಲ. “ಏನಂತ ಹೇಳ್ತೀರಿ? ದಾನಮ್ಮಗ ಏನಾತು ಅಂತ ನಿಮಗರ ಗೊತ್ತೈತೇನು?”

“ಇಲ್ಲ.”

“ಮತ್ತ?” ಒಂದು ಕೊಂಡಿ ಬಿಗಿದಳು. “ಗೊತ್ತಿಲ್ಲ ಅಂದ್ರ ಅಕಿ ಮತ್ತ ತನ್ನ ಮ್ಯಾಲೆ ಹಾಕ್ಕೊಂತಾಳು. ಆ ನೂಲು, ಆ ಹಲ್ಲು, ಮತ್ತ ಸುರು ಆಗ್ತೈತಿ. ಈ ಕೂಸಿಗೆ ನೆಗಡಿ ಬಂದ್ರೂ ನನ್ನಿಂದ ಬಂತು ಅಂತಾಳು. ಯಾರರ ಒಬ್ರ ಮ್ಯಾಲೆ ಇರಬೇಕಲ್ರಿ ಅದು. ನನ್ನ ಮ್ಯಾಲೆ ಇರ್ಲಿ. ನನಗ ಎಷ್ಟು ದಿನ ಉಳದಾವು?”

ಯಾರ ಮೇಲೂ ಇರಬೇಕಾಗಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಆ ನಿಜವನ್ನು ಹೊತ್ತುಕೊಂಡು ಬಾಳಿದ ತಾಯಿಯೊಬ್ಬಳನ್ನೂ ನಾನು ನೋಡಿಲ್ಲ.

ಅವಳು ಎಳೆಗಳನ್ನು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ಒಳಗಿನ ಖೋಲಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದಳು.

“ನೀವು ಎತ್ಕೊಂಡಿರೇನ್ರಿ?”

“ಹೂಂ.”

“ಎಷ್ಟು ಭಾರ ಅದಾಳು?”

ಒಮ್ಮೆಗೇ ತಿಳಿಯಲಿಲ್ಲ. ಅವಳು ಇನ್ನೂ ಎತ್ತಿಕೊಂಡೇ ಇಲ್ಲ ಎಂಬುದು ಆಮೇಲೆ ಹೊಳೆಯಿತು. “ನಾಕು ಕಿಲೋ ಮ್ಯಾಲೆ ಇರಬೇಕು,” ಎಂದೆ ಹೇಗೋ.

ಬಾಳವ್ವ ಹಳೆ ಬಟ್ಟೆ ಹೊಲಿದ ಕೌದಿಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಹಾಸಿಕೊಂಡಳು. ಪಕ್ಕದ ಬುಟ್ಟಿಯಿಂದ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಂದೊಂದಾಗಿ ತೆಗೆದು ಅದರ ಮೇಲೆ ಇಡತೊಡಗಿದಳು. ಕೆಂಪು, ಮತ್ತೊಂದು ಕೆಂಪು, ದಾಳಿಂಬೆ ಬಣ್ಣದ್ದು. ಕೌದಿಯನ್ನು ಸುತ್ತಿ ಎರಡೂ ಕೈಗಳಲ್ಲಿ ಎತ್ತಿ ತೂಗಿ ನೋಡಿ ನನ್ನ ಕೈಗೆ ಕೊಟ್ಟಳು.

“ಇಷ್ಟು?”

ನಾನು ಹಿಡಿದು ನೋಡಿದೆ. “ಇನ್ನೊಂದೀಟು,” ಎಂದೆ.

ಅವಳು ಇನ್ನೊಂದು ಲಡಿ ಸೇರಿಸಿದಳು. ನಾನು ತಲೆಯಾಡಿಸಿದೆ. ಕೌದಿಯ ಗಂಟನ್ನು ಎಡಗೈಯ ಮಡಿಕೆಯಲ್ಲಿ ಇಟ್ಟುಕೊಂಡು, ತಲೆ ಇರಬೇಕಾದ ಕಡೆಯನ್ನು ಮೊಣಕೈಗೆ ಆನಿಸಿ, ಬಲಗೈಯನ್ನು ಕೆಳಗೆ ಕೊಟ್ಟಳು. “ಗಟ್ಟಿ ಅದಾಳು,” ಎಂದಳು. “ನಮ್ಮ ಮಾಂತ್ಯಾನಂಗ.”

ಒಳಗೆ ಕೂಸು ಅಳತೊಡಗಿತು. ಬಾಳವ್ವ ಏಳಲಿಲ್ಲ. ತೊಡೆಯ ಮೇಲಿನ ನೂಲನ್ನು ಮೆಲ್ಲಗೆ ತೂಗತೊಡಗಿದಳು.